ಹನ್ನೆರಡನೇ ಕುದುರೆ

ಸಂಜೆ ಏಳರ ಹೊತ್ತಿಗೆ ಶಿವಮೊಗ್ಗದ ದುರ್ಗಿಗುಡಿಯ ಮುಖ್ಯರಸ್ತೆಯಲ್ಲಿ ಬೈಕಿನವನು ಮೂರನೇ ಗೇರಿಗೆ ಹೋದರೆ ಅದೇ ದೊಡ್ಡದು. ಎರಡೂ ಬದಿ ಅಂಗಡಿ, ಅಂಗಡಿಗಳ ಮುಂದೆ ನಿಲ್ಲಿಸಿದ ಸ್ಕೂಟರು, ಅದರಾಚೆ ಆಟೊ, ಉಳಿದಷ್ಟು ಜಾಗದಲ್ಲಿ ಜನ. ಇಂಥ ಬೀದಿಯಲ್ಲೇ ಆಗಾಗ ಬೆನ್ನ ಹಿಂದಿನಿಂದ ಒಂದು ಸದ್ದು ಎದ್ದು ಬರುತ್ತದೆ. ಮೊದಲು ಬಿಡಿಬಿಡಿಯಾಗಿ ಟರ್ ಟರ್ ಎನ್ನುವುದು, ಆಕ್ಸಿಲರೇಟರ್ ತಿರುವಿದೊಡನೆ ಕಿವಿ ಸೀಳುವ ಒಂದೇ ಎಳೆಯಾಗುತ್ತದೆ. ತಿರುಗಿ ನೋಡಿದರೆ ಯಮಹಾ ಆರ್‌ಎಕ್ಸ್ 100. ಗಾಡಿಗೆ ಮೂವತ್ತು ದಾಟಿದೆ, ಓಡಿಸುವವನಿಗೆ ಇಪ್ಪತ್ತೆರಡೂ ಆಗಿರಲಾರದು. ಗಾಡಿಯ ಟ್ಯಾಂಕಿಗೆ ಹೊಸ ಬಣ್ಣ, ಎಂಜಿನ್ನಿಗೆ ಹೊಸ ಬ್ಲಾಕ್, ಸೈಲೆನ್ಸರಿನೊಳಗೆ ಇರಬೇಕಾದದ್ದು ಯಾವುದೂ ಇಲ್ಲ.

ಈ ಹುಡುಗ ಪವರ್ ಮಾಡಿಸಿರುವುದು ದುರ್ಗಿಗುಡಿಗಾಗಿ ಅಲ್ಲ. ಭದ್ರಾವತಿ ಕಡೆಗೆ ಹೋಗುವ ಬಿ.ಎಚ್. ರಸ್ತೆ ಇದೆ, ತ್ಯಾವರೆಕೊಪ್ಪದ ಕಡೆ ಸಾಗರ ರಸ್ತೆಯಿದೆ, ಭಾನುವಾರಕ್ಕೆ ಆಗುಂಬೆ ಇದೆ. ಗೆಳೆಯರ ಗುಂಪಿನಲ್ಲಿ ತನ್ನ ಗಾಡಿ ಹಿಂದೆ ಬೀಳಬಾರದು ಎಂಬುದೂ ಇದೆ. ಅದೇನೂ ಹೊಸ ಆಸೆಯಲ್ಲ. ಅವನ ಅಪ್ಪನ ಕಾಲದಲ್ಲಿ ಯೆಜ್ಡಿಯವರು ಬುಲೆಟ್ಟಿನವರ ಜತೆ ಪಂಥ ಕಟ್ಟುತ್ತಿದ್ದರು. ಎಂಜಿನ್ ಒಂದು ಕೈಗೆ ಸಿಕ್ಕಿದ ದಿನದಿಂದ ಅದರಿಂದ ಇನ್ನಷ್ಟು ಹಿಂಡಬಹುದೇ ಎಂದು ಮನುಷ್ಯ ನೋಡುತ್ತಲೇ ಇದ್ದಾನೆ. ಹಿಂಡಬಹುದು, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಊರುಗಳಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ 'ಪವರ್'ನಲ್ಲಿ ಬಹುಪಾಲು ಬರೀ ಸದ್ದು. ಮಿಕ್ಕದ್ದರಲ್ಲಿ ಬಹುಪಾಲು, ಗಾಡಿ ಹೊಸದಿದ್ದಾಗ ಇದ್ದು ಆಮೇಲೆ ಸವೆದು ಹೋಗಿದ್ದು. ನಿಜಕ್ಕೂ ಹೊಸದಾಗಿ ಬಂದ ಕುದುರೆ ಅಪರೂಪ. ಬಂದರೂ ಅದು ಬೇರೆ ಕುದುರೆಗಳ ಮೇವು ತಿಂದೇ ಬದುಕುತ್ತದೆ.

98 ಸಿಸಿಯ ಲೆಕ್ಕ

1985ರಲ್ಲಿ ನೂರು ಸಿಸಿಯ ಎರಡು ಬೈಕುಗಳು ನಮ್ಮ ರಸ್ತೆಗಿಳಿದವು. ಒಂದು ಹೀರೊ ಹೋಂಡಾ ಸಿಡಿ 100. ಇನ್ನೊಂದು, ಎಸ್ಕಾರ್ಟ್ಸ್ ಕಂಪನಿ ಯಮಹಾ ಜತೆ ಸೇರಿ ತಂದ ಆರ್‌ಎಕ್ಸ್ 100. ಮೊದಲನೆಯದು ಮೇಷ್ಟ್ರಿಗೆ, ಗುಮಾಸ್ತರಿಗೆ, ಎಲ್‌ಐಸಿ ಏಜೆಂಟರಿಗೆ. ಎರಡನೆಯದು ಅವರ ಮಕ್ಕಳಿಗೆ. ಸಿಲಿಂಡರಿನ ಗಾತ್ರ ಹೆಚ್ಚುಕಡಿಮೆ ಒಂದೇ. ಸಿಡಿ 100 ಕೊಡುತ್ತಿದ್ದುದು 7 ಅಶ್ವಶಕ್ತಿಯ ಆಸುಪಾಸು, ಆರ್‌ಎಕ್ಸ್ 100 ಕೊಡುತ್ತಿದ್ದುದು 7,500 ಆರ್‌ಪಿಎಂನಲ್ಲಿ 11.

ಈ ಅಂತರಕ್ಕೆ ಮಾಟ ಮಂತ್ರ ಏನೂ ಬೇಕಿರಲಿಲ್ಲ. ಹೋಂಡಾದ್ದು ಫೋರ್ ಸ್ಟ್ರೋಕ್, ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ಸಲ ಬೆಂಕಿ. ಯಮಹಾದ್ದು ಟು ಸ್ಟ್ರೋಕ್, ಪ್ರತಿ ಸುತ್ತಿಗೂ ಬೆಂಕಿ. ಹೊಗೆ, ವಾಸನೆ, ಕುಡಿಯುವ ಪೆಟ್ರೋಲು ಎಲ್ಲ ಹೆಚ್ಚು. ಆದರೆ ನೂರು ಕಿಲೊ ಆಸುಪಾಸಿನ ಹಗುರ ಮೈಗೆ 11 ಕುದುರೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಆ ಕಾಲದ ಪೊಲೀಸರೂ ಸರಗಳ್ಳರೂ ಒಟ್ಟಿಗೇ ಕಂಡುಕೊಂಡರು. 1996ರಲ್ಲಿ ತಯಾರಿಕೆ ನಿಂತಿತು. ಅದರ ತಮ್ಮಂದಿರಾದ 135ಗಳು ಇನ್ನೂ ಕೆಲವು ವರ್ಷ ಉಸಿರಾಡಿ, ಹೊಗೆ ನಿಯಮ ಬಿಗಿಯಾದಂತೆ ಅವೂ ಹೋದವು. ಈಗ ಒಳ್ಳೆಯ ಸ್ಥಿತಿಯ ಆರ್‌ಎಕ್ಸ್ 100ಕ್ಕೆ ಲಕ್ಷದ ಮೇಲೆ ಹೇಳುತ್ತಾರೆ, ಕೊಡುವವರೂ ಇದ್ದಾರೆ.

ಆ 11ನ್ನು 12 ಮಾಡುವುದು ಹೇಗೆ? ಎಂಜಿನ್ ಎಂದರೆ ಗಾಳಿ ಎಳೆದು ಬಿಡುವ ಪಂಪು. ಒಂದೊಂದು ಉಸಿರಿಗೆ ಹೆಚ್ಚು ಗಾಳಿ ಎಳೆಯಬೇಕು, ಇಲ್ಲವೇ ನಿಮಿಷಕ್ಕೆ ಹೆಚ್ಚು ಉಸಿರಾಡಬೇಕು, ಇಲ್ಲವೇ ಎಳೆದದ್ದನ್ನು ಇನ್ನಷ್ಟು ಒತ್ತಿ ಉರಿಸಬೇಕು. ಗ್ಯಾರೇಜಿನ ಭಾಷೆಯಲ್ಲಿ ಬೋರ್ ಹೊಡೆಸುವುದು, ಪೋರ್ಟ್ ಕೊರೆಯುವುದು, ಹೆಡ್ ಇಳಿಸುವುದು, ಕಾರ್ಬ್ಯುರೇಟರ್ ದೊಡ್ಡದು ಹಾಕುವುದು ಎಲ್ಲವೂ ಈ ಮೂರರಲ್ಲಿ ಒಂದಕ್ಕೆ ಸೇರುತ್ತವೆ.

ಆರ್‌ಎಕ್ಸ್ ಪ್ರಿಯರಿಗೆಲ್ಲ ಗೊತ್ತಿರುವ ದಾರಿ 135ರ ಬ್ಲಾಕ್. 100ರಲ್ಲಿ ಬೋರ್, ಅಂದರೆ ಸಿಲಿಂಡರಿನ ಅಗಲ, 50 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 50 ಮಿ.ಮೀ. 135ರಲ್ಲಿ ಸ್ಟ್ರೋಕ್ ಅದೇ 50, ಬೋರ್ ಮಾತ್ರ 58. ಕ್ರ್ಯಾಂಕ್ ಮುಟ್ಟದೆ, ಮೇಲಿನ ಬ್ಲಾಕು, ಪಿಸ್ಟನ್, ಹೆಡ್ ಬದಲಿಸಿ ಹೊಂದಿಸಿಕೊಂಡರೆ 98 ಸಿಸಿ ಹೋಗಿ 132 ಬರುತ್ತದೆ. ಮೂರನೇ ಒಂದರಷ್ಟು ಹೆಚ್ಚು. ಇದು ಸುಳ್ಳಲ್ಲದ ಪವರ್. ಕಂಪನಿಯೇ ಅಳೆದು ನೋಡಿ ಮಾಡಿದ ಬ್ಲಾಕ್ ಆದ್ದರಿಂದ ಅಡ್ಡಕಸುಬಿಯ ಕೈಯಲ್ಲೂ ಅಷ್ಟಾಗಿ ಕೆಡುವುದಿಲ್ಲ. ಒಂದು ಮಾತು ಮಾತ್ರ ಇದೆ. ಎಂಜಿನ್ ನಂಬರ್ ಇರುವುದು ಕೆಳಗಿನ ಕ್ರ್ಯಾಂಕ್‌ಕೇಸಿನ ಮೇಲೆ. ಹಾಗಾಗಿ ಗಾಡಿಯ ಕಾಗದದಲ್ಲಿ 98, ರಸ್ತೆಯ ಮೇಲೆ 132. ಅದರ ವಿಚಾರ ಮುಂದೆ ಬರುತ್ತದೆ.

ಕೊಳವೆಯೊಳಗಿನ ಅಲೆ

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಜನಪ್ರಿಯವಾದ 'ಟ್ಯೂನಿಂಗ್' ಸೈಲೆನ್ಸರಿಗೆ ಕೈಹಾಕುವುದು. ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಕೊಳವೆ ಕಿತ್ತರೆ ಸದ್ದು ಬರುತ್ತದೆ. ಸದ್ದು ಬಂದರೆ ಪವರ್ ಬಂತು ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಇಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ತದ್ವಿರುದ್ಧ. ಅದು ಏಕೆ ಎಂದು ತಿಳಿಯಲು ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಟು ಸ್ಟ್ರೋಕ್ ಎಂಜಿನ್ನಿನ ಅರ್ಧ ಬುದ್ಧಿ ಇರುವುದೇ ಅದರ ಸೈಲೆನ್ಸರಿನಲ್ಲಿ.

ಟು ಸ್ಟ್ರೋಕಿನಲ್ಲಿ ಫೋರ್ ಸ್ಟ್ರೋಕಿನಂಥ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ಅವನ್ನು ಮುಚ್ಚಿ ತೆರೆಯುತ್ತದೆ. ಹೊಗೆ ಹೊರಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲು ಗಾಳಿ ಒಳಗೆ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಒಳಗೆ ಬಂದ ಹೊಸ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಹಿಂದೆ ಹೊರಗೆ ಜಾರುತ್ತದೆ. ಅದನ್ನು ಹಿಡಿದು ವಾಪಸು ತಳ್ಳುವುದು ಯಾರು? ಸೈಲೆನ್ಸರಿನೊಳಗೆ ಓಡುವ ಒತ್ತಡದ ಅಲೆ. ಕೊಳವೆ ಅಗಲವಾಗುವಲ್ಲಿಂದ ಹೀರುವ ಅಲೆ ಹಿಂದಿರುಗಿ ಸಿಲಿಂಡರಿನಿಂದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಮುಂದೆ ಕಿರಿದಾಗುವಲ್ಲಿಂದ ತಳ್ಳುವ ಅಲೆ ಹಿಂದಿರುಗಿ, ಹೊರಬಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವುದರೊಳಗೆ ಮತ್ತೆ ಒಳಗೆ ನೂಕುತ್ತದೆ.

ಇದರ ಸಮಯ ಎಷ್ಟು ನಾಜೂಕು ನೋಡಿ. 7,500 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 8 ಪಾಲು. ಹೊಗೆ ಕಿಂಡಿ ತೆರೆದಿರುವುದು ಸುಮಾರು ಅರ್ಧ ಸುತ್ತು, ಅಂದರೆ 4 ಪಾಲು. ಬಿಸಿ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 500 ಮೀಟರಿನ ಹತ್ತಿರ. ಅಷ್ಟು ಹೊತ್ತಿನಲ್ಲಿ ಅಲೆ ಓಡುವುದು 2 ಮೀಟರು, ಹೋಗಲು ಒಂದು, ಬರಲು ಒಂದು. ಟು ಸ್ಟ್ರೋಕ್ ಗಾಡಿಯ ಹೊಗೆಕೊಳವೆ ಆ ಉದ್ದ, ಆ ಆಕಾರ ಯಾಕಿದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಅಂದಕ್ಕಾಗಿ ಮಾಡಿದ್ದಲ್ಲ.

ಈ ವಿದ್ಯೆಯ ಹಿಂದೆ ಒಂದು ಕಥೆಯಿದೆ, ಸಿನಿಮಾಕ್ಕೆ ಕಡಿಮೆಯಿಲ್ಲದ್ದು. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಈ ಅಲೆಗಳನ್ನು ಪಳಗಿಸಿದ. ಹಣವಿಲ್ಲ, ಒಳ್ಳೆಯ ಸಾಮಗ್ರಿ ಇಲ್ಲ. ಆದರೂ 1961ರ ಹೊತ್ತಿಗೆ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದಿದ್ದ. ಅಂದರೆ ಲೀಟರ್ ಲೆಕ್ಕದಲ್ಲಿ 200. ಅವನ ಬೈಕ್ ಓಡಿಸುತ್ತಿದ್ದವನು ಅರ್ನ್ಸ್ಟ್ ಡೆಗ್ನರ್. ಬರ್ಲಿನ್ ಗೋಡೆ ಎದ್ದ ಆ ವರ್ಷವೇ, ಸೆಪ್ಟೆಂಬರಿನಲ್ಲಿ, ಸ್ವೀಡನ್ನಿಗೆ ರೇಸಿಗೆಂದು ಹೋದವನು ಊರಿಗೆ ಮರಳಲಿಲ್ಲ. ಕಾಡೆನ್‌ನ ಗುಟ್ಟುಗಳ ಸಮೇತ ಜಪಾನಿನ ಸುಜುಕಿ ಸೇರಿದ. ಮರುವರ್ಷ 1962ರಲ್ಲಿ ಸುಜುಕಿಯ 50 ಸಿಸಿ ಬೈಕಿನ ಮೇಲೆ ಕೂತು ವಿಶ್ವ ಚಾಂಪಿಯನ್ ಆದ. ಮುಂದೆ ಜಪಾನಿನವರು ಟು ಸ್ಟ್ರೋಕಿನಲ್ಲಿ ಜಗತ್ತನ್ನು ಆಳಿದರು.

ಒಬ್ಬನ ಜೀವಮಾನದ ಲೆಕ್ಕ ಅಡಗಿರುವ ಆ ಕೊಳವೆಯ ಒಳಭಾಗವನ್ನು ನಾವು ರಾಡಿನಿಂದ ಕುಟ್ಟಿ ಕೀಳುತ್ತೇವೆ. ಕಿತ್ತ ಮೇಲೆ ಅಲೆ ಬರಬೇಕಾದ ಹೊತ್ತಿಗೆ ಬರುವುದಿಲ್ಲ. ಹೊಸ ಮಿಶ್ರಣ ಹೊರಗೇ ಹೋಗುತ್ತದೆ. ಕೆಳಗಿನ ಎಳೆತ ಸಾಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಸವಾರ ಅದನ್ನು ತುಂಬಿಕೊಳ್ಳಲು ಆಕ್ಸಿಲರೇಟರ್ ಇನ್ನಷ್ಟು ತಿರುವುತ್ತಾನೆ. ಸದ್ದು ಇನ್ನಷ್ಟು ಹೆಚ್ಚಾಗುತ್ತದೆ, ನಂಬಿಕೆಯೂ.

ಕೂದಲೆಳೆಗಿಂತ ಕಡಿಮೆ

ಬೋರ್ ವಿಚಾರದಲ್ಲಿ ಶಿವಮೊಗ್ಗದವರಿಗೆ ಹೇಳಿಕೊಳ್ಳಲು ಒಂದು ಹಕ್ಕಿದೆ. ಎಂಜಿನ್ನಿನ ಬ್ಲಾಕಿನೊಳಗೆ ಪಿಸ್ಟನ್ ಓಡಾಡುವ ಬೀಡುಕಬ್ಬಿಣದ ತೋಳಿಗೆ ಲೈನರ್ ಎನ್ನುತ್ತಾರೆ. ಶಿವಮೊಗ್ಗದ ಪರ್ಲೈಟ್ ಲೈನರ್ಸ್ ಕಾರ್ಖಾನೆ ಹೆಸರಾದದ್ದು ಅದಕ್ಕೇ. ಪರ್ಲೈಟ್ ಎಂಬುದು ಕಬ್ಬಿಣದೊಳಗೆ ಪದರ ಪದರವಾಗಿ ಕೂರುವ ಒಂದು ರಚನೆ, ಸವೆತಕ್ಕೆ ಜಗ್ಗದ್ದು. ಅದರ ನಡುವೆ ಗ್ರಾಫೈಟಿನ ಚಕ್ಕೆಗಳಿದ್ದು ಆಯಿಲ್ ಹಿಡಿದಿಟ್ಟುಕೊಳ್ಳುತ್ತವೆ. ಕರಗಿದ ಕಬ್ಬಿಣವನ್ನು ಗಿರಗಿರ ತಿರುಗುವ ಅಚ್ಚಿನೊಳಗೆ ಹೊಯ್ದರೆ ಅದು ಗೋಡೆಗೆ ಒತ್ತಿಕೊಂಡು ದಟ್ಟವಾದ ಕೊಳವೆಯಾಗುತ್ತದೆ. ಇಲ್ಲಿಂದ ಹದಿನೆಂಟಿಪ್ಪತ್ತು ಕಿಲೋಮೀಟರ್ ಆಚೆ ಭದ್ರಾವತಿ. ಕೆಮ್ಮಣ್ಣುಗುಂಡಿಯ ಅದಿರು ತಂದು 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ, ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆ ಮುಂದೆ ಮಿಶ್ರಲೋಹದ ಉಕ್ಕಿಗೆ ದೇಶದಲ್ಲೇ ಹೆಸರು ಮಾಡಿತು. ಗೇರು, ಕ್ರ್ಯಾಂಕು, ಕನೆಕ್ಟಿಂಗ್ ರಾಡುಗಳಿಗೆ ಬೇಕಾದದ್ದು ಅಂಥ ಉಕ್ಕೇ. ಆ ಕಾರ್ಖಾನೆಯ ಇಂದಿನ ಗತಿ ಬೇರೆ ಲೇಖನಕ್ಕೆ ವಸ್ತು. ಆದರೆ ಒಂದು ಊರಿನ ತುಂಬ ಫಿಟ್ಟರು, ಟರ್ನರುಗಳನ್ನು ಬೆಳೆಸಿದ್ದು ಅದೇ. ಅಂಥ ಕೈಗಳು ಕಡಿಮೆಯಾಗುತ್ತಿರುವುದರ ನಷ್ಟ ಸಣ್ಣ ಲೇತ್ ಅಂಗಡಿಗಳಲ್ಲೂ ಕಾಣುತ್ತದೆ.

ಕೈ ಎಂದು ಯಾಕೆ ಹೇಳಿದೆನೆಂದರೆ, ಬೋರ್ ಹೊಡೆಯುವುದು ಅಳತೆಯ ಕೆಲಸ. ಗಾಳಿಯಲ್ಲಿ ತಣಿಯುವ ಇಂಥ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಗೋಡೆಗೂ ಇರಬೇಕಾದ ಸಂದು ಸುಮಾರು 0.04 ಮಿ.ಮೀ., ತಲೆಗೂದಲಿಗಿಂತ ಕಡಿಮೆ. ಪಿಸ್ಟನ್ ಅಲ್ಯೂಮಿನಿಯಂ, ಲೈನರ್ ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಹೆಚ್ಚುಕಡಿಮೆ ಎರಡು ಪಟ್ಟು. ಸಂದು ಹೆಚ್ಚಿಟ್ಟರೆ ಪಿಸ್ಟನ್ ಕಟಕಟ ಬಡಿಯುತ್ತದೆ, ಕಂಪ್ರೆಷನ್ ಸೋರುತ್ತದೆ. ಕಡಿಮೆಯಿಟ್ಟರೆ ಹತ್ತು ಕಿಲೋಮೀಟರ್ ಆಚೆ ಎಲ್ಲೋ ಪಿಸ್ಟನ್ ಹಿಗ್ಗಿ ಗೋಡೆ ಕಚ್ಚಿಕೊಳ್ಳುತ್ತದೆ. ಸೀಜ್ ಆಯಿತು ಎನ್ನುವುದು ಇದಕ್ಕೆ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಗಕ್ಕನೆ ನಿಂತುಬಿಡುತ್ತದೆ. ಹಳೆಯ ಆರ್‌ಎಕ್ಸ್ ಸವಾರರು ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿಟ್ಟಿರುವುದು ಸ್ಟೈಲಿಗಲ್ಲ.

ಬೋರ್ ಹೊಡೆಸಿದರೆ ಪವರ್ ಬರುತ್ತದೆಯೇ? ಪಿಸ್ಟನ್ನುಗಳು 0.25, 0.50 ಹೀಗೆ ಹೆಚ್ಚಿನ ಅಳತೆಯಲ್ಲಿ ಸಿಗುತ್ತವೆ. ಇಡೀ 1 ಮಿ.ಮೀ. ಹೊಡೆಸಿದರೂ 50 ಇದ್ದದ್ದು 51 ಆಗುತ್ತದೆ, 98 ಸಿಸಿ 102 ಆಗುತ್ತದೆ. ನೂರಕ್ಕೆ ನಾಲ್ಕು. ಅಷ್ಟಕ್ಕೆ ಯಾರ ಬೆನ್ನೂ ಸೀಟಿಗೆ ಒತ್ತುವುದಿಲ್ಲ. ಆದರೂ ಬೋರ್ ಮಾಡಿಸಿ ಬಂದವನು, 'ಮಾರಾಯ, ಗಾಡಿ ಬೇರೇನೇ ಆಗಿದೆ' ಎನ್ನುವುದು ಸುಳ್ಳಲ್ಲ. ಸವೆದ ಲೈನರು, ಸೊರಗಿದ ರಿಂಗುಗಳ ಸಂದಿನಿಂದ ಸೋರಿ ಹೋಗುತ್ತಿದ್ದ ಒತ್ತಡ ನಿಂತಿದೆ. 11 ಕುದುರೆಯ ಗಾಡಿ ಎಂಟಕ್ಕೋ ಒಂಬತ್ತಕ್ಕೋ ಇಳಿದಿತ್ತು, ಮತ್ತೆ ಹನ್ನೊಂದರ ಹತ್ತಿರ ಬಂದಿದೆ. ನಮ್ಮ ಗ್ಯಾರೇಜುಗಳಲ್ಲಿ ನಡೆಯುವ ಅತ್ಯುತ್ತಮ ಟ್ಯೂನಿಂಗ್ ಇದು. ಇದಕ್ಕೆ ಆ ಹೆಸರಿಲ್ಲದಿರುವುದೇ ಅನ್ಯಾಯ.

ಪೋರ್ಟ್ ಕೊರೆಯುವುದು ಬೇರೆ ಮಾತು. ಗ್ರೈಂಡರ್ ಹಿಡಿದು ಹೊಗೆ ಕಿಂಡಿಯನ್ನು ಮೇಲಕ್ಕೆ ಏರಿಸಿದರೆ ಅದು ಬೇಗ ತೆರೆಯುತ್ತದೆ, ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗಿ ಉಸಿರಾಡುತ್ತದೆ. ಅಷ್ಟೇ ಕೆಳಗೆ ಬಲ ಕಳೆದುಕೊಳ್ಳುತ್ತದೆ. ಟ್ರ್ಯಾಕಿನಲ್ಲಿ ಅದು ಸರಿ, ಅಲ್ಲಿ ಆಕ್ಸಿಲರೇಟರ್ ಇಳಿಸುವ ಪ್ರಸಂಗವೇ ಕಡಿಮೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗುಂಬೆಯ 14 ತಿರುವು ಹತ್ತುವವನಿಗೆ ಬೇಕಾದದ್ದು ಕೆಳಗಿನ ಎಳೆತ. ಅವನು ದುಡ್ಡು ಕೊಟ್ಟು ಅದನ್ನೇ ಕಳೆದುಕೊಳ್ಳುತ್ತಾನೆ. ಕೊರೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ.

ಘಾಟಿಯ ಮಾತು ಬಂತು. ಇಳಿಯುವಾಗ ಇನ್ನೊಂದು ಅಪಾಯವಿದೆ. ಟು ಸ್ಟ್ರೋಕಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜತೆಗೇ, ಆರ್‌ಎಕ್ಸ್‌ನಲ್ಲಿ ಪಂಪು ಆಕ್ಸಿಲರೇಟರಿಗೆ ತಕ್ಕಂತೆ ಕೊಡುತ್ತದೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಜಾರು ಇಳಿದರೆ ಎಂಜಿನ್ ಜೋರಾಗಿ ಸುತ್ತುತ್ತಿರುತ್ತದೆ, ಆಯಿಲ್ ಮಾತ್ರ ಹನಿ ಹನಿ. ಬಲ್ಲವರು ನಡುನಡುವೆ ಒಮ್ಮೊಮ್ಮೆ ತಿರುವುತ್ತ ಇಳಿಯುತ್ತಾರೆ. ಇನ್ನು, ದೊಡ್ಡ ಏರ್ ಫಿಲ್ಟರ್ ಹಾಕಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್ ಬದಲಿಸದೆ ಬಿಟ್ಟರೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ ಎಂಜಿನ್ ಕಾಯುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ತುದಿ ಬೆಳ್ಳಗಿರುತ್ತದೆ. ಕಾಫಿ ಬಣ್ಣ ಇದ್ದರೆ ಕ್ಷೇಮ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಗೆ ಅಂಚಿನಲ್ಲಿ ಹೊಂದಿಸಿದ ಎಂಜಿನ್, ಘಟ್ಟ ಇಳಿದು ಮಲ್ಪೆಯ ದಟ್ಟ ಗಾಳಿಗೆ ಹೋದಾಗ ಇನ್ನೂ ಬಿಸಿ ಓಡುತ್ತದೆ. ಕಂಪನಿಯವರು ಜೆಟ್ಟನ್ನು ಸ್ವಲ್ಪ ಧಾರಾಳವಾಗಿ ಇಟ್ಟದ್ದು ತಿಳಿಯದೆ ಅಲ್ಲ.

ಗಾಳಿ ಕೇಳುವ ಸುಂಕ

ಸರಿ, ಎಲ್ಲ ಸರಿಯಾಗಿ ಮಾಡಿಸಿ ನಿಜಕ್ಕೂ ಪವರ್ ಬಂತು ಎಂದಿಟ್ಟುಕೊಳ್ಳೋಣ. ಸಿಗುವುದೆಷ್ಟು?

ವೇಗ ಏರಿದಂತೆ ಬೈಕು ಖರ್ಚು ಮಾಡುವ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳಲು ಹೋಗುತ್ತದೆ. ಅದಕ್ಕೆ ಬೇಕಾದ ಅಶ್ವಶಕ್ತಿ ವೇಗದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. 11 ಕುದುರೆಗೆ ಗಂಟೆಗೆ 100 ಕಿ.ಮೀ. ಓಡುವ ಗಾಡಿ 110 ಮುಟ್ಟಬೇಕಾದರೆ ಹತ್ತಿರ ಹತ್ತಿರ 14.6 ಕುದುರೆ ಬೇಕು. 120 ಬೇಕೆಂದರೆ 19. ಅಂದರೆ ಬ್ಲಾಕ್ ಬದಲಿಸಿ, ಹೆಡ್ ಬದಲಿಸಿ ಮೂರನೇ ಒಂದರಷ್ಟು ಸಿಸಿ ಏರಿಸಿದ್ದರ ಫಲ ಸ್ಪೀಡೋಮೀಟರಿನಲ್ಲಿ ಹತ್ತು ಕಿಲೋಮೀಟರು. ಆ ಗಾಡಿಗೆ ಮುಂದೆಯೂ ಡ್ರಮ್ ಬ್ರೇಕ್, ಹಿಂದೆಯೂ ಡ್ರಮ್ ಬ್ರೇಕ್. ಬಿ.ಎಚ್. ರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರ್ ತಿರುಗಿದಾಗ ಕೆಲಸಕ್ಕೆ ಬರುವುದು ಅವೇ. ಅವನ್ನು ಟ್ಯೂನ್ ಮಾಡಿಕೊಡಿ ಎಂದು ಗ್ಯಾರೇಜಿಗೆ ಬರುವವರನ್ನು ನಾನು ಕಂಡಿಲ್ಲ.

ಇನ್ನೊಂದು ದಾರಿ, ಎಂಜಿನ್ನನ್ನು ಹೆಚ್ಚು ಸುತ್ತಿಸುವುದು. 7,500ರ ಬದಲು 9,500 ಸುತ್ತಿಸಿದರೆ ಆರ್‌ಪಿಎಂ ಏರಿದ್ದು ಕಾಲು ಪಾಲು. ಪಿಸ್ಟನ್ ತುದಿ ಮುಟ್ಟಿ ಹಿಂದಿರುಗುವಾಗ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ಮಾತ್ರ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆದು 1.6 ಪಟ್ಟಾಗುತ್ತದೆ. ಉಕ್ಕು ಒಂದು ಸಲದ ಎಳೆತಕ್ಕೆ ತುಂಡಾಗುವುದಿಲ್ಲ. ಲಕ್ಷಗಟ್ಟಲೆ ಸಲ ಎಳೆಸಿಕೊಂಡು, ಒಳಗೆ ಕಣ್ಣಿಗೆ ಕಾಣದ ಬಿರುಕು ಬೆಳೆಸಿಕೊಂಡು, ಒಂದು ದಿನ ಹೇಳದೆ ಕೇಳದೆ ಹೋಗುತ್ತದೆ. ಲೋಹಕ್ಕೂ ದಣಿವಿದೆ ಎಂಬುದು ಉಕ್ಕಿನ ಊರಿನವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ.

ರೇಸಿನವರು ಇದನ್ನು ಬಲ್ಲರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಟಿವಿಎಸ್ ತಂಡದಿಂದ ಅದನ್ನು ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅದೇ ವರ್ಷ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಡಕಾರಿನಲ್ಲಿ ಬೈಕಿಗೆ 450 ಸಿಸಿ ಮಿತಿಯಿದೆ, ಸಾವಿರಾರು ಕಿಲೋಮೀಟರ್ ಮರಳು ಕಲ್ಲು ದಾಟಬೇಕು. ಅಲ್ಲಿ ಗೆಲ್ಲುವುದು ಅತಿ ಹೆಚ್ಚು ಪವರ್ ತೆಗೆದ ಎಂಜಿನ್ ಅಲ್ಲ, ಕೊನೆಯವರೆಗೆ ಓಡಿದ ಎಂಜಿನ್. ರೇಸ್ ಎಂಜಿನ್ನಿಗೆ ಎಷ್ಟು ಗಂಟೆ ಓಡಿತು ಎಂದು ಬರೆದಿಡುತ್ತಾರೆ, ಇಷ್ಟು ಗಂಟೆಗೆ ಪಿಸ್ಟನ್, ಇಷ್ಟಕ್ಕೆ ರಾಡ್ ಎಂದು ಕೆಡುವ ಮೊದಲೇ ಬದಲಿಸುತ್ತಾರೆ. ಆ ಪವರ್‌ನ ಬೆಲೆ ಅದು. ರೇಸಿನವರ ಎಂಜಿನ್ ಬೇಕು, ಸ್ಪ್ಲೆಂಡರಿನ ಖರ್ಚಿನಲ್ಲಿ ಬೇಕು ಎಂದರೆ ಯಾವ ಮೇಸ್ತ್ರಿಯೂ ಕೊಡಲಾರ.

ಕಂಪನಿಯವರು ತಾವೇ ಪವರ್ ಏರಿಸಿದ್ದಕ್ಕೆ ನಮ್ಮ ನಾಡಿನದೇ ಒಂದು ಮಾದರಿಯಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ನಡೆಯಿತು. ಅಲ್ಲಿಂದ ಹೊರಟ ಮೊದಲ 250 ಸಿಸಿ ಜಾವಾಗಳ ಬಲ 12 ಅಶ್ವಶಕ್ತಿಯ ಆಸುಪಾಸು. 1978ರ ಯೆಜ್ಡಿ ರೋಡ್‌ಕಿಂಗ್ ಅದೇ 250 ಸಿಸಿಯಲ್ಲಿ 16ರ ಹತ್ತಿರ ಕೊಟ್ಟಿತು. ಅದಕ್ಕೆ ಹಿಡಿದದ್ದು ಹದಿನೈದಕ್ಕೂ ಹೆಚ್ಚು ವರ್ಷ. ಮಲೆನಾಡಿನ ತೋಟದ ದಾರಿಗಳಲ್ಲಿ ಆ ಗಾಡಿಗಳು ಈಗಲೂ ಓಡುತ್ತಿವೆ.

ಈಚಿನ ಬೈಕುಗಳ ಕಥೆ ಚಿಕ್ಕದು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಸೆನ್ಸರ್ ನೋಡುತ್ತದೆ, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಪೆಟ್ರೋಲು ಹೆಚ್ಚುಕಡಿಮೆ ಮಾಡುತ್ತದೆ. ದುಬಾರಿ ಫಿಲ್ಟರ್ ಹಾಕಿದರೆ ಮಾಮೂಲಿ ಓಟದಲ್ಲಿ ಇಸಿಯು ಎಲ್ಲವನ್ನೂ ಮೊದಲಿದ್ದಲ್ಲಿಗೇ ತಂದು ನಿಲ್ಲಿಸುತ್ತದೆ. ಇಸಿಯುವಿಗೆ ಹೊಸ ಪ್ರೋಗ್ರಾಮ್ ಹಾಕಿಸಿ ಪವರ್ ಏರಿಸುವವರಿದ್ದಾರೆ. ಪವರ್ ಅಳೆಯುವ ಡೈನೊ ಮೇಲೆ ಹತ್ತಿಸಿ, ಮೊದಲು ಎಷ್ಟಿತ್ತು ಈಗ ಎಷ್ಟಾಯಿತು ಎಂದು ಕಾಗದದ ಮೇಲೆ ತೋರಿಸದವರ ಬಳಿ ಇದನ್ನು ಮಾಡಿಸುವುದು ಹಣ ಸುಡುವ ದಾರಿ.

ಆರ್‌ಸಿ ಏನನ್ನುತ್ತದೆ

ಕಾನೂನು ಈ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಈಗಿನ ನಿಯಮದಲ್ಲಿ 80ರಿಂದ 175 ಸಿಸಿವರೆಗಿನ ಬೈಕಿನ ಸದ್ದಿಗೆ ಕಂಪನಿ ಪಾಲಿಸಬೇಕಾದ ಮಿತಿ 77 ಡೆಸಿಬೆಲ್. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವ ಪೊಲೀಸರ ಫೋಟೊ ರಾಜ್ಯದ ಎಷ್ಟೋ ಊರುಗಳಿಂದ ಪತ್ರಿಕೆಗಳಿಗೆ ಬಂದಿದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಬದಲಿಸಿದ ಬ್ಲಾಕ್ ಒಂದೇ ಸಾಕು.

ರೋಲರ್ ಹರಿಸುವುದಕ್ಕೆ ನನ್ನ ವಿರೋಧವಿಲ್ಲ. ದುರ್ಗಿಗುಡಿಯ ಅಕ್ಕಪಕ್ಕ ಆಸ್ಪತ್ರೆಗಳಿವೆ, ಶಾಲೆಯಿದೆ, ಮಲಗುವ ಮುದುಕರಿದ್ದಾರೆ. ಆದರೆ ಬರೀ ರೋಲರ್ ಸಾಲದು. ವೇಗದ ಹುಚ್ಚಿರುವ ಹುಡುಗರಿಗೆ ಹೋಗಲು ಜಾಗ ಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಇದೆ, ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ. ಎರಡೂ ತಮಿಳುನಾಡಿನಲ್ಲಿವೆ. ಮಲೆನಾಡಿನ ಹುಡುಗ ಇಂಥ ಟ್ರ್ಯಾಕ್ ನೋಡಬೇಕೆಂದರೆ ರಾಜ್ಯವನ್ನೇ ದಾಟಬೇಕು. ಚಿಕ್ಕಮಗಳೂರಿನಲ್ಲಿ ಮೋಟಾರು ಕ್ಲಬ್ಬಿನವರು ವರ್ಷಗಳಿಂದ ರ‍್ಯಾಲಿ ನಡೆಸಿಕೊಂಡು ಬಂದಿದ್ದಾರೆ. ಲೈನರ್ ಎರಕ ಹೊಯ್ಯುವ, ಉಕ್ಕು ಕುದಿಸಿದ, ಐಟಿಐ ಪಾಲಿಟೆಕ್ನಿಕ್ ಎಂಜಿನಿಯರಿಂಗ್ ಕಾಲೇಜುಗಳಿರುವ ಈ ಅವಳಿ ಊರುಗಳಲ್ಲಿ ವರ್ಷಕ್ಕೆ ಒಂದೆರಡು ಸಲ, ಆಂಬುಲೆನ್ಸ್ ನಿಲ್ಲಿಸಿ, ಹೆಲ್ಮೆಟ್ ಪರೀಕ್ಷಿಸಿ, ಒಂದು ಮಣ್ಣಿನ ಟ್ರ್ಯಾಕಿನಲ್ಲಿ ಓಡಲು ಬಿಡುವುದು ಆಗದ ಕೆಲಸವಲ್ಲ. ಜಿಲ್ಲಾಡಳಿತವೂ ಕಾಲೇಜುಗಳೂ ಈ ಬಗ್ಗೆ ಒಮ್ಮೆ ಕೂತು ಮಾತಾಡಲಿ. ಹುಡುಗರು ಪೋರ್ಟ್ ಕೊರೆಯಲಿ, ಎಂಜಿನ್ ಸೀಜ್ ಮಾಡಿಕೊಳ್ಳಲಿ, ಕಲಿಯಲಿ. ಅದು ನಡೆಯಬೇಕಾದದ್ದು ಟ್ರ್ಯಾಕಿನಲ್ಲಿ.

ರಸ್ತೆಯ ಗಾಡಿಗೆ ಎಳೆತ ಸಾಲದು ಎನ್ನುವವರಿಗೆ ಒಂದು ಮಾತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಇಲ್ಲವೇ ನಿಮ್ಮ ಬೀದಿಯ ಗ್ಯಾರೇಜಿಗೇ ಹೋಗಿ. ಮೊದಲು ಕಂಪ್ರೆಷನ್ ಗೇಜ್ ಹಾಕಿ ನೋಡಲು ಹೇಳಿ. ಕಡಿಮೆಯಿದ್ದರೆ ಬೋರು, ಪಿಸ್ಟನ್ನು, ರಿಂಗು ಹೊಸದು ಮಾಡಿಸಿ, ಸೈಲೆನ್ಸರಿನ ಕರಿ ಸುಡಿಸಿ, ಬ್ರೇಕ್ ಶೂ ಬದಲಿಸಿ. ಆಮೇಲೂ ಘಾಟಿಯಲ್ಲಿ ಸಾಲದು ಎನಿಸಿದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಹಾಕಿಸಿ. 14 ಇದ್ದಲ್ಲಿ 13 ಆದರೆ ಚಕ್ರಕ್ಕೆ ಬರುವ ಎಳೆತ ನೂರಕ್ಕೆ ಏಳೆಂಟು ಹೆಚ್ಚುತ್ತದೆ, ಮೇಲಿನ ವೇಗ ಸ್ವಲ್ಪ ಇಳಿಯುತ್ತದೆ, ಎಂಜಿನ್ ಬಿಚ್ಚುವ ಗೋಜಿಲ್ಲ. ಗೇಜ್ ಇಲ್ಲ, ಮೈಕ್ರೋಮೀಟರ್ ಇಲ್ಲ, ಆದರೂ ಪವರ್ ಬರಿಸಿಕೊಡ್ತೀನಿ ಬಿಡಿ ಅಣ್ಣ ಎನ್ನುವವರ ಕೈಗೆ ಬ್ಲಾಕ್ ಕೊಡಬೇಡಿ.